ಲೇಸರ್ ಗೋಪುರದ ರೋಬೋ ವ್ಯಾಕ್ಯೂಮ್: ಬಿಚ್ಚಿ ರಿಪೇರಿ ಮಾಡಿದ ಅನುಭವ

ನೆಲ ಗುಡಿಸುವ ರೋಬೋ ನಿಂತುಹೋಯಿತು ಎಂದರೆ ಹೆಚ್ಚಿನವರು ಮೊದಲು ಬೈಯುವುದು ಮದರ್‌ಬೋರ್ಡನ್ನು. ನಾನು ಬಿಚ್ಚಿದವುಗಳಲ್ಲಿ ಬೋರ್ಡ್ ಸತ್ತಿದ್ದು ಅಪರೂಪ. ಕೂದಲು, ನುಣುಪು ಧೂಳು, ಸವೆದ ಒಂದು ಪುಟ್ಟ ಮೋಟರ್, ಶಕ್ತಿ ಕಳೆದುಕೊಂಡ ಬ್ಯಾಟರಿ: ಬಹುಪಾಲು ತೊಂದರೆ ಇಷ್ಟರಲ್ಲೇ ಸಿಗುತ್ತದೆ. ಇಲ್ಲಿ ಬರೆದಿರುವುದು ತಲೆಯ ಮೇಲೆ ಲೇಸರ್ ಗೋಪುರವಿರುವ (ಸುತ್ತ ತಿರುಗುತ್ತ ಗೋಡೆ, ಸಾಮಾನುಗಳ ದೂರ ಅಳೆಯುವ ಗುಂಡಗಿನ ಭಾಗ), 14.4 ವೋಲ್ಟ್ ಲಿಥಿಯಂ ಬ್ಯಾಟರಿಯ ಮಾದರಿಗಳ ಬಗ್ಗೆ. ಕಂಪನಿ ಬದಲಾದರೂ ಒಳಗಿನ ಜೋಡಣೆಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ.

ಬೇಕಾದ ಸಾಮಾನು ಕಡಿಮೆ. ಫಿಲಿಪ್ಸ್ 0 ಮತ್ತು 1ನೇ ನಂಬರಿನ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಚಿಮಟ, 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್, ಸಿಲಿಕೋನ್ ಗ್ರೀಸ್, ಮುಚ್ಚಳದ ಕೊಂಡಿ ಬಿಡಿಸಲು ಹಳೆಯ ಎಟಿಎಂ ಕಾರ್ಡ್. ಜೊತೆಗೆ ಒಂದು ರಟ್ಟು. ಅದರ ಮೇಲೆ ರೋಬೋದ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡುತ್ತೇನೆ. ಸ್ಕ್ರೂಗಳ ತಲೆ ಒಂದೇ ಥರ ಇದ್ದರೂ ಉದ್ದ ಬೇರೆಬೇರೆ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅದು ಮೇಲಿನ ಮುಚ್ಚಳವನ್ನು ತೂರಿಕೊಂಡು ಬರುತ್ತದೆ.

ಸ್ವಿಚ್ ಆಫ್ ಮಾಡಿ, ಮಗುಚಿ, ಮೊದಲು ಬ್ಯಾಟರಿ ತೆಗೆಯಬೇಕು. ಇದಾಗದೆ ಬೇರೆ ಯಾವ ಸ್ಕ್ರೂಗೂ ಕೈ ಹಾಕುವುದಿಲ್ಲ. ಪೂರ್ತಿ ಚಾರ್ಜ್ ಆದ ಪ್ಯಾಕ್ 16.8 ವೋಲ್ಟಿನ ಆಸುಪಾಸು ಇರಬೇಕು, 12ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ. ಆದರೆ ಬರೀ ವೋಲ್ಟೇಜ್ ನೋಡಿ ಬ್ಯಾಟರಿ ಚೆನ್ನಾಗಿದೆ ಎನ್ನುವುದು ತಪ್ಪು. ಸವೆದ ಪ್ಯಾಕೂ ಸುಮ್ಮನಿರುವಾಗ 16 ತೋರಿಸುತ್ತದೆ, ಫ್ಯಾನ್ ತಿರುಗಿದ ಕೂಡಲೇ ಕುಸಿಯುತ್ತದೆ. ಇದಕ್ಕೆ ನಾನು ಬಳಸುವುದು ಬೈಕಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವಾಟ್ ಬಲ್ಬ್. ಅದು ಸುಮಾರು 2 ಆಂಪಿಯರ್ ಎಳೆಯುತ್ತದೆ. ಹತ್ತು ಸೆಕೆಂಡು ಉರಿಸಿ, ಮೀಟರ್ ನೋಡಿ. ಇಳಿತ ಅರ್ಧ ವೋಲ್ಟಿನೊಳಗಿದ್ದರೆ ಪ್ಯಾಕ್ ಗಟ್ಟಿ. ಒಂದು ವೋಲ್ಟಿಗಿಂತ ಹೆಚ್ಚು ಇಳಿದರೆ ಬದಲಿಸುವುದೇ ಸರಿ.

5200 ಎಂಎಎಚ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 18650 ಅಳತೆಯ ಎಂಟು ಸೆಲ್ ಇರುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿ ಸೆಲ್ ಸಿಗುತ್ತವೆ ನಿಜ, ಆದರೆ ಸ್ಪಾಟ್ ವೆಲ್ಡರ್ ಇಲ್ಲದೆ ಸೋಲ್ಡರಿಂಗ್ ಕಬ್ಬಿಣದಿಂದ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕುವ ಕೆಲಸಕ್ಕೆ ಇಳಿಯಬೇಡಿ. ಬಿಸಿ ಒಳಗಿನ ಸೀಲನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು 2 ವೋಲ್ಟಿಗಿಂತ ಕೆಳಗೆ ಇಳಿದ ಸೆಲ್ಲನ್ನು ಹೊರಗಿನ ಚಾರ್ಜರಿನಿಂದ ‘ಎಬ್ಬಿಸುವ’ ವಿದ್ಯೆಯೂ ಬೇಡ. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಅದೇ ತಾಮ್ರ ಒಳಗೊಳಗೇ ಶಾರ್ಟ್ ಮಾಡಬಹುದು.

ಚಾರ್ಜ್ ಆಗುತ್ತಿಲ್ಲ ಎಂದಾಗ ಡಾಕಿನ (ರೋಬೋ ಬಂದು ಕೂತು ಚಾರ್ಜ್ ಆಗುವ ಪೀಠ) ಎರಡು ಲೋಹದ ಪಟ್ಟಿಗಳಿಗೆ ಮೀಟರ್ ಹಿಡಿದು, ವೋಲ್ಟೇಜ್ ಕಡಿಮೆ ಕಂಡರೆ ಡಾಕ್ ಹೋಗಿದೆ ಎಂದು ಎಸೆಯುವವರಿದ್ದಾರೆ. ಎಷ್ಟೋ ಡಾಕುಗಳು ರೋಬೋ ಬಂದು ಕೂತಿದ್ದು ಗೊತ್ತಾದ ಮೇಲಷ್ಟೇ ಪೂರ್ತಿ ವೋಲ್ಟೇಜ್ ಬಿಡುತ್ತವೆ. ಮೊದಲು ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿ. ಉಪ್ಪುಕಾಗದ ಬೇಡ, ಮೇಲಿನ ಲೇಪನ ಕಿತ್ತುಹೋದರೆ ಪಟ್ಟಿ ಇನ್ನೂ ಬೇಗ ಕಪ್ಪಾಗುತ್ತದೆ.

ಇನ್ನು ತಳಭಾಗ. ಮೇನ್ ಬ್ರಷ್ಷಿನ ನಡುವೆ ಸುತ್ತಿಕೊಂಡ ಕೂದಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಡಿಸುವುದು ತುದಿಯ ಬೇರಿಂಗಿನೊಳಗೆ ಹೊಕ್ಕಿದ್ದು. ತುದಿಯ ಟೋಪಿ ಎಳೆದರೆ ಒಳಗೆ ಬಳೆಯ ಹಾಗೆ ಗಟ್ಟಿಯಾದ ಕೂದಲಿನ ಸುತ್ತು ಸಿಗುತ್ತದೆ. ಅದು ಉಜ್ಜಿ ಉಜ್ಜಿ ಬಿಸಿಯಾಗಿ ಚೌಕಾಕಾರದ ಪ್ಲಾಸ್ಟಿಕ್ ತುದಿಯನ್ನೇ ಕರಗಿಸಿರುತ್ತದೆ. ತುದಿ ದುಂಡಗಾಗಿದ್ದರೆ ಬ್ರಷ್ ಹೊಸದೇ ಬೇಕು. ಮುಂದಿನ ಪುಟ್ಟ ಚಕ್ರ ನೇರವಾಗಿ ಎಳೆದರೆ ಹೊರಬರುತ್ತದೆ, ಅದರ ಕಡ್ಡಿಯನ್ನೂ ತೆಗೆದು ಶುಚಿ ಮಾಡಿ. ಸೈಡ್ ಬ್ರಷ್ ತಿರುಗದಿದ್ದರೆ ಅದರ ಗೇರ್ ಪೆಟ್ಟಿಗೆ ಬಿಚ್ಚಬೇಕು. ಕೂದಲು ಕಡ್ಡಿಯ ಪಕ್ಕದಿಂದಲೇ ಒಳಗೆ ಇಳಿದು ಹಲ್ಲುಗಳ ನಡುವೆ ಕೂತಿರುತ್ತದೆ. ಹಲ್ಲು ಮುರಿದಿಲ್ಲದಿದ್ದರೆ ತೊಳೆದು, ಕಾಳಿನಷ್ಟು ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಕು. ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ.

ಚಕ್ರದ ಮೇಲೆ ಅನುಮಾನ ಬಂದರೆ ಪರೀಕ್ಷೆಗೆ ಮಾನದಂಡ ಕೈಯಲ್ಲೇ ಇದೆ: ಇನ್ನೊಂದು ಚಕ್ರ. ಎಡ ಬಲ ಎರಡರಲ್ಲೂ ಅದೇ ಮೋಟರ್, ಅದೇ ಸೆನ್ಸರ್. ಮೋಟರಿನ ಎರಡು ತಂತಿಗೆ 9 ವೋಲ್ಟ್ ಕೊಟ್ಟು ಎರಡರ ಸದ್ದು, ವೇಗ, ಎಳೆಯುವ ಕರೆಂಟು ಹೋಲಿಸಿ. ಒಂದು ಇನ್ನೊಂದಕ್ಕಿಂತ ಒಂದೂವರೆ ಪಟ್ಟು ಎಳೆದರೆ ಅದರ ಗೇರಿನಲ್ಲಿ ಏನೋ ಸಿಕ್ಕಿದೆ. ಎರಡೂ ಸಮನಾಗಿ ತಿರುಗಿಯೂ ರೋಬೋ ಒಂದೇ ಕಡೆಗೆ ಸುತ್ತುತ್ತಿದ್ದರೆ, ಸುತ್ತು ಎಣಿಸುವ ಎನ್‌ಕೋಡರನ್ನೋ, ಎದುರಿಗೆ ಏನಾದರೂ ತಾಗಿದ್ದನ್ನು ತಿಳಿಸುವ ಮುಂದಿನ ಬಂಪರನ್ನೋ ನೋಡಬೇಕು. ಬಂಪರಿನ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಬಿದ್ದರೂ ಸಾಕು, ರೋಬೋ ಪಾಲಿಗೆ ಎದುರಿಗೆ ಸದಾ ಗೋಡೆ.

ಹಿಂದೆ ಸರಿಯುತ್ತಲೇ ಇದ್ದರೆ ಬೀಳದಂತೆ ಕಾಯುವ ಸೆನ್ಸರುಗಳ ಮೇಲೆ ಕಣ್ಣಿಡಿ. ತಳದ ಅಂಚಿನಲ್ಲಿರುವ ಕಪ್ಪು ಕಿಟಕಿಗಳು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ತಿರುಗಿ ಬಂದದ್ದನ್ನು ಅಳೆಯುತ್ತವೆ. ಧೂಳು ಕವಿದರೆ ಬೆಳಕು ತಿರುಗಿ ಬರುವುದಿಲ್ಲ, ರೋಬೋಗೆ ಅದು ಮೆಟ್ಟಿಲಿನ ಅಂಚು. ಕಪ್ಪು ಗ್ರಾನೈಟ್ ನೆಲದಲ್ಲೂ ಇದೇ ಕಥೆ: ಕಲ್ಲು ಬೆಳಕನ್ನು ಹೀರಿಬಿಡುತ್ತದೆ, ರಿಪೇರಿಗೆ ಏನೂ ಇಲ್ಲ. ಕಿಟಕಿಗೆ ಬಿಳಿ ಕಾಗದ ಅಂಟಿಸಿ ಓಡಿಸುವ ಉಪಾಯ ಮೆಟ್ಟಿಲಿರುವ ಮನೆಯಲ್ಲಿ ಬೇಡವೇ ಬೇಡ. ಬೆಳಕು ಹೊರಡುತ್ತಿದೆಯೋ ಇಲ್ಲವೋ ನೋಡಲು ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ, ಬಹುತೇಕ ಫೋನುಗಳಲ್ಲಿ ಮಸುಕಾದ ನೇರಳೆ ಚುಕ್ಕೆ ಕಾಣುತ್ತದೆ.

ನಮ್ಮ ಮನೆಗಳಲ್ಲಿ ಫ್ಯಾನಿಗೆ ದೊಡ್ಡ ಶತ್ರು ರಂಗೋಲಿ ಪುಡಿ. ಕಲ್ಲಿನ ಪುಡಿ ಫಿಲ್ಟರ್ ಅಂಚಿನ ಸಂದಿಯಿಂದ ನುಸುಳಿ ಬೇರಿಂಗ್ ತಿನ್ನುತ್ತದೆ. ಫ್ಯಾನ್ ಕಿರುಗುಟ್ಟಿದರೆ ಎಣ್ಣೆ ಹಾಕಿ ದಿನ ತಳ್ಳುವುದಕ್ಕಿಂತ ಬದಲಿಸುವುದು ಒಳ್ಳೆಯದು. ತೊಳೆದ ಫಿಲ್ಟರ್ ಪೂರ್ತಿ 24 ಗಂಟೆ ಒಣಗಲಿ, ಹಸಿಯಾಗಿ ಹಾಕಿದರೆ ತೇವವೆಲ್ಲ ನೇರ ಫ್ಯಾನಿಗೇ ಹೋಗುತ್ತದೆ.

ಲೇಸರ್ ಗೋಪುರದ ಕೆಲಸಕ್ಕೆ ಮಾತ್ರ ಮೇಲ್ಮುಚ್ಚಳ ತೆಗೆಯಲೇಬೇಕು. ಲಕ್ಷಣ ಸ್ಪಷ್ಟ: ರೋಬೋ ಹೊರಡುತ್ತದೆ, ನಿಂತಲ್ಲೇ ಸುತ್ತುತ್ತದೆ, ಲೇಸರ್ ಸೆನ್ಸರ್ ದೋಷ ಎಂದು ಹೇಳಿ ನಿಲ್ಲುತ್ತದೆ. ಗೋಪುರ ಸೆಕೆಂಡಿಗೆ ಸುಮಾರು 5 ಸುತ್ತು ಹಾಕಬೇಕು. ಅದನ್ನು ತಿರುಗಿಸುವುದು ಪಕ್ಕದ ಪುಟ್ಟ ಮೋಟರ್ ಮತ್ತು ಒಂದು ರಬ್ಬರ್ ಬೆಲ್ಟ್. ಬೆಲ್ಟ್ ಜೋತುಬಿದ್ದಿದ್ದರೆ ಬದಲಿಸಿ. ಬೆಲ್ಟ್ ಬಿಗಿಯಾಗಿದ್ದೂ ತಿರುಗದೆ, ಬೆರಳಿನಿಂದ ತಳ್ಳಿದಾಗ ಮಾತ್ರ ಹೊರಟರೆ ಮೋಟರಿನೊಳಗೆ ಕರೆಂಟು ದಾಟಿಸುವ ಬ್ರಷ್ ಸವೆದಿದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಕೆಲವು ವಾರ ಓಡುತ್ತದೆ, ಮತ್ತೆ ಅದೇ ಗೋಳು. ಹಲವು ಮಾದರಿಗಳಲ್ಲಿ ಇರುವುದು ಆರ್‌ಎಫ್-500ಟಿಬಿ ಜಾತಿಯ ಮೋಟರ್, 32 ಮಿ.ಮೀ. ಅಗಲ, 2 ಮಿ.ಮೀ. ಕಡ್ಡಿ. ಈ ಹೆಸರಿನಲ್ಲೇ ಒಳಗಿನ ತಂತಿಯ ಸುತ್ತು ಬೇರೆಬೇರೆ ಇರುವವು ಬರುವುದರಿಂದ ಹಳೆಯದರ ಮೇಲಿನ ಪೂರ್ತಿ ನಂಬರ್ ಓದಿಕೊಂಡು ಅಂಗಡಿಗೆ ಹೋಗಿ. ಹಳೆಯದರ ಪುಲ್ಲಿಯನ್ನು ಅಲ್ಲಾಡಿಸದೆ ನೇರ ಮೇಲಕ್ಕೆ ಎಳೆದು, ಹೊಸದಕ್ಕೆ ಅದೇ ಎತ್ತರದಲ್ಲಿ ಕೂರಿಸಬೇಕು. ಒಂದು ಮಿ.ಮೀ. ಏರುಪೇರಾದರೂ ಬೆಲ್ಟ್ ಜಾರುತ್ತದೆ. ಕೆಂಪು ತಂತಿ ಯಾವ ಕಾಲಿಗೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ, ಅದಲುಬದಲಾದರೆ ಗೋಪುರ ಉಲ್ಟಾ ಸುತ್ತುತ್ತದೆ. ಲೆನ್ಸನ್ನು ಕನ್ನಡಕದ ಬಟ್ಟೆಯಿಂದ ಒರೆಸಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ತಾಗಿದರೆ ಪ್ಲಾಸ್ಟಿಕ್ ಮಂಜಾಗುತ್ತದೆ.

ಚಪ್ಪಟೆ ರಿಬ್ಬನ್ ಕೇಬಲ್ ಕಂಡಲ್ಲಿ ಅದರ ಪುಟ್ಟ ಪಟ್ಟಿಯನ್ನು ಉಗುರಿನಿಂದ ಮೇಲಕ್ಕೆತ್ತಿ ಆಮೇಲೆ ಎಳೆಯಿರಿ. ನೆಲ ಒರೆಸುವ ಮಾದರಿಯಾದರೆ ಬೋರ್ಡಿನ ಮೇಲೆ ಬಿಳಿ, ಹಸಿರು ಕಲೆ ಇದೆಯೇ ನೋಡಿ. ನೀರು ಇಳಿದಿದ್ದರ ಗುರುತು ಅದು, ಆಲ್ಕೋಹಾಲ್ ಹಚ್ಚಿದ ಬ್ರಷ್ಷಿನಿಂದ ಉಜ್ಜಿದರೆ ಎಷ್ಟೋ ಸಲ ಬದುಕುತ್ತದೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ನೀರಿನ ತೂತುಗಳಲ್ಲಿ ಉಪ್ಪು ಕಟ್ಟುತ್ತದೆ. ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ಗಂಟೆ ಟ್ಯಾಂಕಿನಲ್ಲಿ ಬಿಟ್ಟು ತೊಳೆಯಿರಿ.

ಮತ್ತೆ ಜೋಡಿಸುವಾಗ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ‘ಟಕ್’ ಎಂದು ಹಳೆಯ ದಾರಿಗೆ ಬಿದ್ದ ಮೇಲೆ ಬಿಗಿದರೆ ಪ್ಲಾಸ್ಟಿಕ್ಕಿನ ಥ್ರೆಡ್ ಕೆಡುವುದಿಲ್ಲ. ಎಲ್ಲ ಸ್ಕ್ರೂ ಹಾಕುವ ಮುಂಚೆ ನಾಲ್ಕೇ ಹಾಕಿ ಒಂದು ಸುತ್ತು ಓಡಿಸಿ ನೋಡಿ, ಅದೂ ನೆಲದ ಮೇಲೆ. ಕೈಯಲ್ಲಿ ಎತ್ತಿ ಹಿಡಿದು ಚಾಲೂ ಮಾಡಿದರೆ ಚಕ್ರ ಕೆಳಗೆ ಜೋತು ಬಿದ್ದಿದೆ ಎಂದು ಅದು ಹೊರಡಲು ಒಪ್ಪುವುದಿಲ್ಲ. ಅದನ್ನೇ ಹೊಸ ದೋಷ ಎಂದುಕೊಂಡು ಮತ್ತೆ ಬಿಚ್ಚಲು ಕೂತವರಿದ್ದಾರೆ.