ಪೈಲಟ್ ಇಲ್ಲವೆಂದು ವಿಮಾನ ತಡವಾದರೆ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ, ಮೊದಲು ಈ ಮೂರು ಪ್ರಶ್ನೆ ಕೇಳಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಕಣ್ಣೂರಿನ ಮಟ್ಟನ್ನೂರು, ಮಂಗಳೂರಿನ ಬಜ್ಪೆ, ಮೈಸೂರಿನ ಮಂಡಕಳ್ಳಿ, ಬೆಂಗಳೂರಿನ ದೇವನಹಳ್ಳಿ, ಎಲ್ಲಿಗೆ ಹೋಗಬೇಕಾದರೂ ನಡುರಾತ್ರಿ ಎದ್ದು ಹೊರಡುವುದೇ ಜಾಸ್ತಿ. ಅಷ್ಟೆಲ್ಲ ಪಟ್ಟು ಹೋದ ಮೇಲೆ ‘ಸಿಬ್ಬಂದಿ ಇಲ್ಲ, ವಿಮಾನ ತಡ’ ಎಂದರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನಮ್ಮವರು ಮೊಬೈಲ್ ತೆಗೆದು ತಾವೇ ಟಿಕೆಟ್ ಕ್ಯಾನ್ಸಲ್ ಮಾಡುತ್ತಾರೆ. ಗೋಣಿಕೊಪ್ಪದ ನನ್ನ ಚಿಕ್ಕಪ್ಪನ ಮಗ ಹಾಗೇ ಮಾಡಿದ. ಮುಕ್ಕಾಲು ಗಂಟೆಯಲ್ಲಿ ಬದಲಿ ಪೈಲಟ್ ಬಂದರು, ವಿಮಾನ ಹೊರಟಿತು, ಇವನು ಕೆಳಗೆ ಉಳಿದ.

ಹಾಗಾಗಿ ಮೊದಲ ಕೆಲಸ: ಏನೂ ಮಾಡಬೇಡಿ. ಬೋರ್ಡಿಂಗ್ ಪಾಸ್ ಇಟ್ಟುಕೊಂಡು ಗೇಟ್ ಹತ್ತಿರವೇ ಇರಿ.

ಎರಡನೆಯದು, ಕೌಂಟರ್‌ನಲ್ಲಿ ಕೂಗಾಡದೆ ಮೂರು ಪ್ರಶ್ನೆ ಕೇಳಿ. ಎಲ್ಲರೂ ಎಡವುವುದು ಇಲ್ಲೇ.

ಯಾರು ಇಲ್ಲ? ಗಗನಸಖಿಯೋ, ಪೈಲಟ್ಟೋ? 50 ಸೀಟಿಗೆ ಒಬ್ಬರಂತೆ ಕ್ಯಾಬಿನ್ ಸಿಬ್ಬಂದಿ ಇರಬೇಕು, ಅಂದರೆ 180 ಸೀಟಿನ ವಿಮಾನಕ್ಕೆ ನಾಲ್ಕು ಜನ. ದೊಡ್ಡ ನಿಲ್ದಾಣದಲ್ಲಿ ಇವರಿಗೆ ಬದಲಿ ಬೇಗ ಸಿಗುತ್ತದೆ. ಪೈಲಟ್ ಹಾಗಲ್ಲ. ಯಾವ ಮಾದರಿ ವಿಮಾನಕ್ಕೆ ಅರ್ಹತೆ ಪಡೆದಿದ್ದಾರೋ ಅದನ್ನೇ ಹಾರಿಸಬೇಕು. ಮಂಡಕಳ್ಳಿಯ ರನ್‌ವೇ ಚಿಕ್ಕದು, ಅಲ್ಲಿಗೆ ಬರುವುದು ಎಟಿಆರ್ ಎಂಬ ಸಣ್ಣ ವಿಮಾನ. ಏರ್‌ಬಸ್ ಪೈಲಟ್ ಕೈಕಟ್ಟಿ ಪಕ್ಕದಲ್ಲೇ ಕುಳಿತಿದ್ದರೂ ಅದನ್ನು ಹಾರಿಸುವಂತಿಲ್ಲ. ಕ್ಯಾಪ್ಟನ್ ಇಲ್ಲದಿದ್ದರೆ ಇನ್ನೊಬ್ಬ ಕ್ಯಾಪ್ಟನ್ನೇ ಬೇಕು, ಜೊತೆಗಿರುವ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಆ ಸೀಟಿಗೆ ಹೋಗಲಾಗದು.

ಬದಲಿಯವರು ಎಲ್ಲಿಂದ ಬರುತ್ತಿದ್ದಾರೆ? ಇದು ಬಹಳ ಮುಖ್ಯ. ಕಂಪನಿಗಳು ತಮ್ಮ ಮುಖ್ಯ ಊರುಗಳಲ್ಲಿ ಸ್ಟ್ಯಾಂಡ್‌ಬೈ ಸಿಬ್ಬಂದಿ ಇಟ್ಟಿರುತ್ತವೆ. ಕೆಲವರು ನಿಲ್ದಾಣದಲ್ಲೇ ಕಾಯುತ್ತಾರೆ, ಕೆಲವರು ಮನೆಯಲ್ಲಿ ಫೋನಿಗೆ ಸಿದ್ಧವಾಗಿರುತ್ತಾರೆ. ನಿಲ್ದಾಣದಲ್ಲಿದ್ದವರು ಅಂದರೆ ಸ್ವಲ್ಪ ಹೊತ್ತು. ಮನೆಯಿಂದ ಅಂದರೆ ಫೋನ್ ಹೋಗಬೇಕು, ಸಮವಸ್ತ್ರ ಹಾಕಬೇಕು, ಬೆಂಗಳೂರಿನ ಟ್ರಾಫಿಕ್ ದಾಟಿ ದೇವನಹಳ್ಳಿ ತಲುಪಬೇಕು, ಮದ್ಯದ ಉಸಿರು ಪರೀಕ್ಷೆ ಆಗಬೇಕು, ದಾರಿಯ ಹವಾಮಾನ ಮತ್ತು ಇಂಧನದ ವಿವರ ನೋಡಬೇಕು. ನಾನಾದರೆ ಎರಡು ಗಂಟೆ ಲೆಕ್ಕ ಹಾಕಿಕೊಂಡು ಊಟಕ್ಕೆ ಹೋಗುತ್ತೇನೆ. ಆ ಊರಿನಲ್ಲಿ ಕಂಪನಿಯ ಸ್ಟ್ಯಾಂಡ್‌ಬೈ ಇಲ್ಲವೇ ಇಲ್ಲ ಅಂದರೆ ಬದಲಿಯವರು ಬೇರೆ ಊರಿನಿಂದ ಪ್ರಯಾಣಿಕರಂತೆ ಇನ್ನೊಂದು ವಿಮಾನ ಹತ್ತಿ ಬರಬೇಕು. ಆಗ ‘ಯಾವ ವಿಮಾನದಲ್ಲಿ ಬರುತ್ತಿದ್ದಾರೆ’ ಎಂದು ಕೇಳಿ. ನಂಬರ್ ಸಿಕ್ಕಿದರೆ ವಿಮಾನ ಎಲ್ಲಿದೆ ಎಂದು ತೋರಿಸುವ ಫ್ಲೈಟ್‌ರೇಡಾರ್24 ಆ್ಯಪ್‌ನಲ್ಲಿ ಹಾಕಿ ನೋಡಿ. ಅದು ಹೊರಟಿದೆಯಾ ಇಲ್ಲವಾ ಅನ್ನುವುದು ಪರದೆಯ ಮೇಲಿನ ಸಮಯಕ್ಕಿಂತ ನಿಜವಾದ ಉತ್ತರ.

ಈಗಿರುವವರ ಡ್ಯೂಟಿ ಸಮಯ ಮುಗಿಯಿತಾ? ಪೈಲಟ್ ಕಣ್ಣೆದುರೇ ಬ್ಯಾಗ್ ಎಳೆದುಕೊಂಡು ಹೊರಟರೆ ಜನ ಬೈಯುತ್ತಾರೆ. ಬೈಯಬೇಡಿ. ಡ್ಯೂಟಿ ಲೆಕ್ಕ ಶುರುವಾಗುವುದು ವಿಮಾನ ಏರಿದಾಗಲ್ಲ, ಕೆಲಸಕ್ಕೆ ಹಾಜರಾದಾಗ. ಮಂಜಿನಿಂದ ಮೂರು ಗಂಟೆ ಸುಮ್ನೆ ಕುಳಿತರೂ ಆ ಸಮಯ ಖರ್ಚಾಗುತ್ತದೆ. 2025ರ ಜುಲೈಯಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ನವೆಂಬರ್‌ನಿಂದ ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಅದಕ್ಕೆ ಬೇಕಾದಷ್ಟು ಜನರನ್ನು ಸಿದ್ಧ ಮಾಡಿಕೊಳ್ಳದ ಇಂಡಿಗೊ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದು ಮಾಡಿತು, ಹುತ್ತರಿ ಹೊತ್ತಲ್ಲೇ. ಆದರೂ ನಾನು ನಿಯಮದ ಪರ. ನಿದ್ದೆಗೆಟ್ಟ ಡ್ರೈವರ್ ಜೊತೆ ಮಾಕುಟ್ಟ ಘಟ್ಟ ಇಳಿದವರಿಗೆ ಯಾಕೆಂದು ಗೊತ್ತು, ಅಲ್ವಾ?

ಮೂರನೆಯದು ನಿಮ್ಮ ಹಕ್ಕು. ಎರಡೂವರೆ ಗಂಟೆಯೊಳಗಿನ ದೇಶೀಯ ಪ್ರಯಾಣ ಎರಡು ಗಂಟೆ ತಡವಾದರೆ ತಿಂಡಿ, ಪಾನೀಯ ಕೇಳಿ. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಮುಂಚೆ ತಿಳಿಸದೆ ರದ್ದು ಮಾಡಿ, ಸರಿಯಾದ ಬದಲಿ ವಿಮಾನವನ್ನೂ ಕೊಡದಿದ್ದರೆ ಪ್ರಯಾಣದ ಅವಧಿ ನೋಡಿ 5,000ದಿಂದ 10,000 ರೂಪಾಯಿ ಪರಿಹಾರ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ, ಯಾವುದು ಕಡಿಮೆಯೋ ಅದು. ಮಂಜು, ಮಳೆಗೆ ಇದು ಸಿಗುವುದಿಲ್ಲ. ಅದಕ್ಕೇ ‘ಸಿಬ್ಬಂದಿ ಕೊರತೆ’ ಎಂಬ ಕಾರಣವನ್ನು ಮೆಸೇಜ್‌ನಲ್ಲೋ ಕಾಗದದಲ್ಲೋ ತೆಗೆದುಕೊಳ್ಳಿ. ನೀವೇ ಕ್ಯಾನ್ಸಲ್ ಒತ್ತಿದರೆ ಈ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ದೂರಿಗೆ ಏರ್‌ಸೇವಾ ಆ್ಯಪ್ ಇದೆ.

ಇನ್ನೂರು ರೂಪಾಯಿ ಉಳಿಸಲು ಯಾವುದೋ ಸೈಟ್‌ನಲ್ಲಿ ಟಿಕೆಟ್ ಮಾಡಬೇಡಿ. ಎಷ್ಟೋ ಸಲ ಏಜೆಂಟರ ನಂಬರ್ ದಾಖಲಾಗಿರುತ್ತದೆ, ತಡದ ಮೆಸೇಜ್ ನಿಮಗೆ ಬರುವುದೇ ಇಲ್ಲ. ಕಂಪನಿಯ ಆ್ಯಪ್‌ನಲ್ಲೇ ಮಾಡಿ, ನಿಮ್ಮದೇ ನಂಬರ್ ಕೊಡಿ. ಆದಷ್ಟು ಬೆಳಗಿನ ಮೊದಲ ವಿಮಾನ ಹಿಡಿಯಿರಿ, ದಿನವಿಡೀ ಸೇರಿಕೊಂಡ ತಡ ಅದಕ್ಕೆ ಅಂಟಿರುವುದಿಲ್ಲ. ಬಿಡಲು ಬಂದ ಟ್ಯಾಕ್ಸಿ ಅಣ್ಣನಿಗೆ, ನೀವು ವಿಮಾನದೊಳಗೆ ಕುಳಿತು ಫೋನ್ ಮಾಡುವವರೆಗೂ ಘಟ್ಟ ಹತ್ತಬೇಡಿ ಎಂದು ಮೊದಲೇ ಹೇಳಿ, ಕಾಯುವುದಕ್ಕೂ ದುಡ್ಡು ಕೊಡಿ.