ಎಚ್‌-4 ದಿನಗಳೂ ಲೆಕ್ಕಕ್ಕೆ ಬಂದವು: ಮಗಳ ಸಿಆರ್‌ಬಿಎ ನಾನೇ ಮಾಡಿಸಿದ ಅನುಭವ

ನಾನು ಅಮೆರಿಕನ್ ಸಿಟಿಜನ್, ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ. ಅವಳಿಗೂ ಅಮೆರಿಕನ್ ಪೌರತ್ವದ ದಾಖಲೆ ಮಾಡಿಸಲು ಹೊರಟಾಗ, "ನಿಂಗೆ ಅಮೆರಿಕದಲ್ಲಿ ಹತ್ತು ವರ್ಷ ತುಂಬಲ್ಲ ಕಣೇ. ಸುಮ್ನೆ ಮಗೂಗೆ ವೀಸಾ ಮಾಡ್ಸು" ಅಂದಿದ್ದರು ನ್ಯೂಜೆರ್ಸಿಯ ಚಿಕ್ಕಪ್ಪ. ಬೆಂಗಳೂರಿನ ಏಜೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮೇಡಂ, ನೀವು ಸಿಟಿಜನ್ ಆದ್ಮೇಲೆ ಅಲ್ಲಿ ಇದ್ದಿದ್ದೇ ಒಂದು ವರ್ಷ, ಇದು ಆಗೋ ಕೆಲಸ ಅಲ್ಲ" ಅಂದ. ಇಬ್ಬರೂ ಹೇಳಿದ್ದು ತಪ್ಪು. ಮಗಳ ಸಿಆರ್‌ಬಿಎ (ಹೊರದೇಶದಲ್ಲಿ ಹುಟ್ಟಿದ ಮಗು ಅಮೆರಿಕನ್ ಪ್ರಜೆ ಅಂತ ಅಮೆರಿಕ ಕಾನ್ಸುಲೇಟ್ ಮೂಲಕ ಸಿಗುವ ಪತ್ರ) ಮತ್ತು ಅಮೆರಿಕನ್ ಪಾಸ್‌ಪೋರ್ಟ್ ಈಗ ನಮ್ಮ ಬೀರುವಿನಲ್ಲಿವೆ. ನನ್ನ ಹಾಗೆ ಚಿಕ್ಕವರಿದ್ದಾಗ ಹೋಗಿ, ದೊಡ್ಡವರಾಗಿ ವಾಪಸ್ ಬಂದವರು ಬಹಳ ಜನ ಇದ್ದಾರೆ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಹೀಗಿತ್ತು. ಹುಟ್ಟಿದ್ದು 1992ರ ಫೆಬ್ರವರಿ, ಮೈಸೂರು. 2001ರ ಆಗಸ್ಟ್‌ನಲ್ಲಿ ಅಪ್ಪನ ಎಚ್‌-1ಬಿ ಉದ್ಯೋಗ ವೀಸಾ ಜೊತೆ ಎಚ್‌-4ರಲ್ಲಿ, ಅಂದರೆ ಕುಟುಂಬದವರಿಗೆ ಕೊಡುವ ವೀಸಾದಲ್ಲಿ, ಟೆಕ್ಸಾಸ್‌ಗೆ. 2004ಕ್ಕೆ ಗ್ರೀನ್ ಕಾರ್ಡ್. 2009ರಲ್ಲಿ ಅಪ್ಪ ಸಿಟಿಜನ್ ಆದಾಗ ನನಗೆ 17, ಹಾಗಾಗಿ ನಾನೂ ತಾನಾಗಿ ಸಿಟಿಜನ್. 2010ರ ಜುಲೈನಲ್ಲಿ ಓದಲು ಇಲ್ಲಿಗೆ ಬಂದವಳು ಇಲ್ಲೇ ಉಳಿದೆ. ಗಂಡ ಭಾರತೀಯ ಪ್ರಜೆ. ಮಗಳು ಹುಟ್ಟಿದ್ದು 2023ರಲ್ಲಿ, ಬೆಂಗಳೂರಿನಲ್ಲಿ.

ಮಗುವಿನ ಅಪ್ಪ ಅಮ್ಮ ಇಬ್ಬರೂ ಅಮೆರಿಕನ್ ಸಿಟಿಜನ್ ಆಗಿದ್ದರೆ, ಮಗು ಹುಟ್ಟುವ ಮುಂಚೆ ಒಬ್ಬರು ಯಾವಾಗಲೋ ಅಲ್ಲಿ ವಾಸ ಇದ್ದದ್ದನ್ನು ತೋರಿಸಿದರೆ ಮುಗಿಯಿತು. ನಮ್ಮ ಹಾಗೆ ಒಬ್ಬರೇ ಆದರೆ ಒಟ್ಟು ಐದು ವರ್ಷ, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲೆ, ದೈಹಿಕವಾಗಿ ಆ ನೆಲದ ಮೇಲೆ ಇದ್ದಿರಬೇಕು. ಯಾವ ವೀಸಾದಲ್ಲಿ ಇದ್ದಿರಿ ಅನ್ನುವುದು ಮುಖ್ಯವಲ್ಲ. ಎಚ್‌-4 ದಿನವೂ ದಿನವೇ. ಚಿಕ್ಕಪ್ಪ ಹೇಳಿದ ಹತ್ತು ವರ್ಷ 1986ರ ನವೆಂಬರ್ 14ಕ್ಕಿಂತ ಮುಂಚೆ ಹುಟ್ಟಿದ ಮಕ್ಕಳ ನಿಯಮ. ಅವರು ಅದನ್ನು ಯಾವ ಕಾಲದಲ್ಲೋ ಕೇಳಿ ಹಾಗೇ ಇಟ್ಟುಕೊಂಡಿದ್ದರು. ಇನ್ನೊಬ್ಬ ಗೆಳತಿ "ತಾಯಿ ಅಮೆರಿಕನ್ ಆದ್ರೆ ಒಂದೇ ವರ್ಷ ಸಾಕು" ಅಂದಳು. ಅದು ಮದುವೆಯಾಗದ ತಾಯಂದಿರಿಗಿದ್ದ ರಿಯಾಯಿತಿ, 2017ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಅದೂ ಇಲ್ಲ.

ಏಜೆಂಟ್ ಕೇಳಿದ್ದು 45 ಸಾವಿರ. 15 ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೆ. ಆತ ಅರ್ಜಿಯಲ್ಲಿ 2009ರಿಂದ ಈಚಿನ ದಿನಾಂಕ ಮಾತ್ರ ತುಂಬಿ ಇಟ್ಟಿದ್ದ. ಅದು ಹಾಗೇ ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಲ್ಲಿಸುವ ಮುಂಚೆ ಒಮ್ಮೆ ತೋರಿಸು ಅಂತ ಹಟ ಹಿಡಿದಿದ್ದಕ್ಕೆ ಬಚಾವಾದೆ. ಆ ಹದಿನೈದು ಸಾವಿರ ವಾಪಸ್ ಬರಲೇ ಇಲ್ಲ.

ಆಮೇಲೆ ನಾನೇ ಎಕ್ಸೆಲ್ ಶೀಟ್ ಹಿಡಿದು ಕೂತೆ. ಒಂದೊಂದು ಪ್ರಯಾಣಕ್ಕೆ ಒಂದು ಸಾಲು: ಹೋದ ದಿನ, ಬಂದ ದಿನ, ನಡುವಿನ ದಿನಗಳು, ಪಕ್ಕದಲ್ಲಿ ಪುರಾವೆಯ ನಂಬರ್. ಬೇಸಿಗೆ ರಜೆಗೆ ಊರಿಗೆ ಬಂದದ್ದು ಮೂರು ಸಲ, ಕೆನಡಾಕ್ಕೆ ಒಂದು ಸಲ. ಎಲ್ಲ ಕಳೆದರೂ ಹೆಚ್ಚುಕಮ್ಮಿ ಎಂಟು ವರ್ಷ ನಾಲ್ಕು ತಿಂಗಳು ಉಳಿಯಿತು, 14ರ ಮೇಲೆ ನಾಲ್ಕು ವರ್ಷ ಚಿಲ್ಲರೆ. ಲೆಕ್ಕ ಸುಲಭ, ಕಷ್ಟವಾದದ್ದು ಪುರಾವೆ. ನನಗೆ ಅಲ್ಲಿ ಸಂಬಳ ಇರಲಿಲ್ಲ, ಡಬ್ಲ್ಯು-2 (ಸಂಬಳದ ವಾರ್ಷಿಕ ತೆರಿಗೆ ಪತ್ರ) ಇರಲಿಲ್ಲ. ಹಳೆಯ ಭಾರತೀಯ ಪಾಸ್‌ಪೋರ್ಟ್ ಮನೆ ಬದಲಿಸುವಾಗ ಕಳೆದಿತ್ತು. ಅಪ್ಪನ ತೆರಿಗೆ ದಾಖಲೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ತರಿಸೋಣ ಅಂದರೆ ಅಷ್ಟು ಹಿಂದಿನದನ್ನು ಅವರು ಕೊಡುವುದಿಲ್ಲ. ಪ್ರಾಥಮಿಕ ಶಾಲೆಯವರು ಹಳೆಯ ಹಾಜರಿ ಉಳಿದಿಲ್ಲ ಅಂದರು. ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ಹತ್ತು ಡಾಲರ್‌ಗೆ ಸಿಕ್ಕಿತು, ಆದರೆ ಅದರಲ್ಲಿ ಬೇಸಿಗೆ ತಿಂಗಳುಗಳಿಗೆ ಸಾಕ್ಷಿ ಇಲ್ಲ.

ನನ್ನನ್ನು ಉಳಿಸಿದ್ದು ಹಲ್ಲಿನ ಕ್ಲಿಪ್. 2006ರ ಮಾರ್ಚ್‌ನಿಂದ ಎರಡು ವರ್ಷ ಹಾಕಿಸಿಕೊಂಡಿದ್ದೆ, ತಿಂಗಳಿಗೊಮ್ಮೆ ಬಿಗಿ ಮಾಡಿಸಲು ಹೋಗಬೇಕಿತ್ತು. ಮೈಸೂರಿನ ಮನೆಯ ಅಟ್ಟದ ಮೇಲಿನ ರಟ್ಟಿನ ಡಬ್ಬದಲ್ಲಿ ಅಪ್ಪ ಆ ಡಾಕ್ಟರ ಕಂತಿನ ಹಾಳೆಯನ್ನು ಟ್ಯಾಕ್ಸ್ ಪೇಪರ್‌ಗಳ ಜೊತೆ ಪಿನ್ ಹೊಡೆದು ಇಟ್ಟಿದ್ದರು. ಪಿನ್ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿತ್ತು. ಆದರೂ ಇಪ್ಪತ್ತೆರಡೋ ಇಪ್ಪತ್ತಮೂರೋ ಭೇಟಿಯ ದಿನಾಂಕ ಸ್ಪಷ್ಟವಾಗಿ ಓದಲು ಬರುತ್ತಿತ್ತು. 14 ತುಂಬಿದ ಮೇಲಿನ ಎರಡು ವರ್ಷಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಬೇಕೆ? ಪ್ರಾಥಮಿಕ ಶಾಲೆಯ ವರ್ಷಗಳನ್ನು ತುಂಬಿದ ದಾರಿ ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಜವಾಗಿ ಬೇಕಾದವರು ಕೇಳಿದರೆ ಹೇಳುತ್ತೇನೆ.

ಇನ್ನೊಂದು ತಲೆನೋವು ಇನಿಷಿಯಲ್. ನನ್ನ ಅಮೆರಿಕನ್ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ. ಹೆರಿಗೆ ಆದ ರಾತ್ರಿ ಆಸ್ಪತ್ರೆಯ ಫಾರ್ಮಿನಲ್ಲಿ ಗಂಡ ನಮ್ಮೂರಿನ ರೂಢಿಯಂತೆ ಎರಡು ಇನಿಷಿಯಲ್ ಹಾಕಿ ನನ್ನ ಹೆಸರು ಬರೆದಿದ್ದರು, ಜನನ ಪ್ರಮಾಣಪತ್ರದಲ್ಲೂ ಹಾಗೇ ಬಂತು. ಅಫಿಡವಿಟ್ ಕೊಟ್ಟು ತಿದ್ದಿಸಲು ಒಂದೂವರೆ ತಿಂಗಳು ಹೋಯಿತು. ಆ ಫಾರ್ಮನ್ನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಮಗುವಿನ ಹೆಸರನ್ನೂ ಆಗಲೇ ಸೇರಿಸಿಬಿಡಿ.

ಫೋಟೋ: ಎರಡಿಂಚು ಚೌಕ, ಬಿಳಿ ಹಿನ್ನೆಲೆ, ಬೇರೆ ಯಾರ ಕೈಯೂ ಕಾಣಬಾರದು. ಸ್ಟುಡಿಯೋದಲ್ಲಿ ಎರಡು ಸಲ 200 ರೂಪಾಯಿ ಕೊಟ್ಟರೂ ನೆರಳು ಬಿತ್ತು. ಕೊನೆಗೆ ಮಾವನವರ ಬಿಳಿ ಪಂಚೆಯನ್ನು ಕಿಟಕಿ ಪಕ್ಕ ನೆಲಕ್ಕೆ ಹಾಸಿ, ಮಗುವನ್ನು ಮಲಗಿಸಿ, ಬೆಳಿಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ ಮೊಬೈಲಲ್ಲೇ ತೆಗೆದೆ. ಕೆನ್ನೆಯ ದೃಷ್ಟಿಬೊಟ್ಟು ಒರೆಸಲು ಅತ್ತೆ ಒಪ್ಪಲಿಲ್ಲ. ಅಂಗಾಲಿಗೆ ಇಡೋಣ ಅತ್ತೆ, ಫೋಟೋದಲ್ಲಿ ಕಾಣಲ್ಲ ಅಂದಮೇಲೆ ಅವರೇ ಒರೆಸಿದರು. ಪಂಚೆಗೆ ಗಂಜಿ ಹಾಕಿರಬಾರದು, ಮಡಿಕೆಯ ಗೆರೆ ಕಾಣುತ್ತದೆ. ಕಾರ್ ಸೀಟಿನ ಮೇಲೆ ಬಿಳಿ ಬಟ್ಟೆ ಹೊದಿಸಿಯೂ ನೋಡಿದೆ, ಕತ್ತು ವಾಲುತ್ತದೆ.

ಸಂದರ್ಶನಕ್ಕೆ ಚೆನ್ನೈಗೆ ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಉಳಿದೆವು. ಜೆಮಿನಿ ಸರ್ಕಲ್ಲಿನ ಅಮೆರಿಕ ಕಾನ್ಸುಲೇಟ್ ಒಳಗೆ ಮೊಬೈಲ್ ಬಿಡುವುದಿಲ್ಲ, ಎಲ್ಲವೂ ಕಾಗದದಲ್ಲೇ ಇರಬೇಕು. ಗಂಡ ಮನೆಯಲ್ಲೇ ಮಗಳ ಪಾಸ್‌ಪೋರ್ಟ್ ಅರ್ಜಿಯಾದ ಡಿಎಸ್‌-11ಕ್ಕೆ ಸಹಿ ಹಾಕಿಬಿಟ್ಟಿದ್ದರು. ಅದಕ್ಕೆ ಅಧಿಕಾರಿಯ ಎದುರೇ ಸಹಿ ಮಾಡಬೇಕು, ಹಾಗಾಗಿ ಅಲ್ಲೇ ಹೊಸದು ತುಂಬಿದೆವು. ಕಿಟಕಿಯ ಆಚೆಗಿದ್ದ ಅಧಿಕಾರಿ ನೇರವಾಗಿ ಕೇಳಿದ್ದು: "2007ರ ಬೇಸಿಗೆಯಲ್ಲಿ ಎಲ್ಲಿದ್ದಿರಿ?" ಕ್ಲಿಪ್ಪಿನ ಹಾಳೆ ತೆಗೆದು ಜೂನ್, ಜುಲೈ, ಆಗಸ್ಟ್ ಮೂರಕ್ಕೂ ಬೆರಳಿಟ್ಟು ತೋರಿಸಿದೆ. ಎಕ್ಸೆಲ್ ಶೀಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಇದನ್ನು ಯಾರು ಮಾಡಿಕೊಟ್ಟರು ಅಂತ ಕೇಳಿದರು. ನಾನೇ ಅಂದೆ. ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ನೋಡಿದರು. ಇಬ್ಬರೂ ಬಲಗೈ ಎತ್ತಿ ಪ್ರಮಾಣ ಮಾಡಿದೆವು. ಮಗಳು ಅಷ್ಟು ಹೊತ್ತೂ ನಿದ್ದೆ ಮಾಡಿದಳು.

ಸಿಆರ್‌ಬಿಎಗೆ 100 ಡಾಲರ್, ಪಾಸ್‌ಪೋರ್ಟಿಗೆ 135, ಸೇರಿ ಸುಮಾರು 19-20 ಸಾವಿರ ರೂಪಾಯಿ. ರೈಲು, ರೂಮು, ಊಟ 12 ಸಾವಿರ. ಕಾಗದಪತ್ರಕ್ಕೆ ನಾಲ್ಕೈದು ಸಾವಿರ ಇರಬಹುದು. ಮೂರು ವಾರ ಕಳೆದು ಕವರ್ ಬಂತು. ಮಗುವನ್ನು ಆ ಪಾಸ್‌ಪೋರ್ಟಿನಲ್ಲಿ ಕರೆದುಕೊಂಡು ಹೋಗುವವರು ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಿಂದ ಎಕ್ಸಿಟ್ ಪರ್ಮಿಟ್ (ದೇಶ ಬಿಡಲು ಅನುಮತಿ) ತೆಗೆದುಕೊಂಡೇ ಟಿಕೆಟ್ ಬುಕ್ ಮಾಡಿ.

ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಮಗ ಈಗ ಹೈದರಾಬಾದಿನಲ್ಲಿದ್ದಾನೆ, ಸೊಸೆಗೆ ಏಳು ತಿಂಗಳು. "ಆ ಶೀಟ್ ಕಳಿಸೇ" ಅಂದರು. ನನ್ನ ದಿನಾಂಕಗಳನ್ನೆಲ್ಲ ಅಳಿಸಿ, ಕಾಲಮ್‌ಗಳನ್ನು ಹಾಗೇ ಬಿಟ್ಟು, ಅವತ್ತೇ ರಾತ್ರಿ ಕಳಿಸಿದೆ.