ಕೊಲ್ಲಿಯ ಬೈಕನ್ನು ಊರಿಗೆ ತರುವುದು ಹೇಗೆ?

ಭಟ್ಕಳ, ಹೊನ್ನಾವರ, ಕಾರವಾರದ ಕಡೆಯಿಂದ ದುಬೈ, ಮಸ್ಕತ್, ಕುವೈತ್‌ಗೆ ದುಡಿಯಲು ಹೋದ ಹುಡುಗರು ಊರಿಗೆ ಮರಳುವ ಹೊತ್ತಿಗೆ ಕೇಳುವ ಪ್ರಶ್ನೆ: ‘ಇಲ್ಲಿನ ಬೈಕನ್ನು ಊರಿಗೆ ತರಬಹುದಾ?’ ತರಬಹುದು. ಆದರೆ ಕೇಳುವಷ್ಟರಲ್ಲಿ ಹೆಚ್ಚಿನವರು ಬೈಕ್ ಕೊಂಡಾಗಿರುತ್ತದೆ, ಕೆಲವರದು ಹಡಗನ್ನೂ ಹತ್ತಿರುತ್ತದೆ. ಬಂದರಿನಲ್ಲಿ ದಿನದಿನಕ್ಕೂ ಬಾಡಿಗೆ ಏರಿ, ಕೊನೆಗೆ ಬೈಕಿನ ಆಸೆಯನ್ನೇ ಬಿಟ್ಟು ಬರಿಗೈಲಿ ಬಂದವರನ್ನು ಕಂಡಿದ್ದೇನೆ. ಬಿಸಿಲಲ್ಲಿ ದುಡಿದು ಕೂಡಿಟ್ಟ ಹಣ ಅದು. ಹೀಗಾಗಿ ಇಲ್ಲಿ ಹೆಚ್ಚು ಹೇಳುವುದೆಲ್ಲ ಕೊಳ್ಳುವ ಮೊದಲಿನ ಕೆಲಸದ ಬಗ್ಗೆ. ಹಡಗಿಗೆ ಹಾಕುವುದು, ಲಾರಿಯಲ್ಲಿ ತರುವುದು ದುಡ್ಡು ಕೊಟ್ಟರೆ ಆಗುವ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಾದ ಮಾಡೆಲ್ ಹುಬ್ಬಳ್ಳಿಯಲ್ಲೋ ಪಣಜಿಯಲ್ಲೋ ಶೋರೂಮಿನಲ್ಲಿ ಸಿಗುವುದಾದರೆ ಅಲ್ಲೇ ಕೊಳ್ಳಿ. ಅಗ್ಗವಾಗುತ್ತದೆ ಎಂಬ ಲೆಕ್ಕದಲ್ಲಿ ವಿದೇಶದ ಬೈಕ್ ತರುವುದು ಬೇಡ. ಅಗ್ಗ ಆಗುವುದಿಲ್ಲ.

ಹಂತ 1: ನಿಮ್ಮ ಬೈಕ್ ಕಾನೂನಿನ ಕಣ್ಣಲ್ಲಿ ಹಳೆಯದೇ

ಆಮದು ನೀತಿಯ ಪ್ರಕಾರ ಯಾವುದೇ ದೇಶದಲ್ಲಿ ಮಾರಾಟವಾದ, ಬಾಡಿಗೆಗೆ ಹೋದ ಅಥವಾ ನೋಂದಣಿಯಾದ ವಾಹನ ಬಳಸಿದ ವಾಹನ. ಶೋರೂಮಿನಿಂದ ತೆಗೆದು ನಿಮ್ಮ ಹೆಸರಿಗೆ ನೋಂದಣಿ ಮಾಡಿಸಿ, ಹತ್ತು ಕಿಲೋಮೀಟರ್ ಕೂಡ ಓಡಿಸದಿದ್ದರೂ ಅದು ಹಳೆಯದೇ. ‘ಭಾಯ್, ಮೀಟರ್ ಸೊನ್ನೆ ಇದೆ, ಹೊಸದು ಅಂತ ತೋರಿಸ್ತೇವೆ’ ಎನ್ನುವ ಏಜೆಂಟನಿಂದ ದೂರವಿರಿ. ಗಲ್ಫಿನಿಂದ ಮರಳುವವರ ಬೈಕುಗಳೆಲ್ಲ ಸಾಮಾನ್ಯವಾಗಿ ಈ ಗುಂಪಿಗೇ ಸೇರುತ್ತವೆ. ಹಾಗಾಗಿ ಮುಂದೆ ಹೇಳುವುದು ಹಳೆಯ ಬೈಕಿನ ನಿಯಮ.

ಹಂತ 2: ಕೊಳ್ಳುವ ಮೊದಲು ಬೈಕಿನ ಮುಂದೆ ಕುಳಿತು ನೋಡಬೇಕಾದ್ದು

ಎಲ್ಲರೂ ಎಡವುವುದು ಇಲ್ಲೇ. ಅವಸರ ಬೇಡ.

ಮೊದಲನೆಯದು ವಯಸ್ಸು. ಹಳೆಯ ವಾಹನ ತಯಾರಾದ ದಿನದಿಂದ ಮೂರು ವರ್ಷ ದಾಟಿರಬಾರದು. ತಯಾರಾದ ದಿನ ಎಂಬುದನ್ನು ಗಮನಿಸಿ. ನೋಂದಣಿಯಾದ ದಿನ ಅಲ್ಲ, ನೀವು ಕೊಂಡ ದಿನವಂತೂ ಅಲ್ಲ. ದುಬೈ ಶೋರೂಮುಗಳಲ್ಲಿ ಹಿಂದಿನ ವರ್ಷದ ಸ್ಟಾಕ್ ರಿಯಾಯಿತಿಯಲ್ಲಿ ಬಿಕರಿಯಾಗುತ್ತದೆ. 2025ರಲ್ಲಿ ನೋಂದಣಿಯಾದ ಬೈಕ್ 2023ರಲ್ಲಿ ತಯಾರಾಗಿರಬಹುದು. ಹ್ಯಾಂಡಲಿನ ಬುಡದಲ್ಲಿ, ಫ್ರೇಮಿನ ಮೇಲೆ ಇರುವ ಪಟ್ಟಿ ಓದಿ. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಅನೇಕ ಕಂಪನಿಗಳು ಹತ್ತನೆಯ ಜಾಗದಲ್ಲಿ ಮಾಡೆಲ್ ವರ್ಷ ಸೂಚಿಸುತ್ತವೆ: ಪಿ ಎಂದರೆ 2023, ಆರ್ ಎಂದರೆ 2024, ಎಸ್ ಎಂದರೆ 2025. ಆದರೆ ಮಾಡೆಲ್ ವರ್ಷ ತಯಾರಿಕೆಯ ತಿಂಗಳಲ್ಲ. ಕಂಪನಿಯ ಅಧಿಕೃತ ಡೀಲರ್‌ನಿಂದ ತಯಾರಾದ ತಿಂಗಳು, ವರ್ಷವನ್ನು ಬರಹದಲ್ಲಿ ಪಡೆಯಿರಿ. ಎರಡೂವರೆ ವರ್ಷ ದಾಟಿದ ಬೈಕನ್ನು ನಾನಂತೂ ಯಾರಿಗೂ ಕೊಳ್ಳಿ ಎನ್ನುವುದಿಲ್ಲ. ಕಾಗದ ಮಾಡಿಸುವಷ್ಟರಲ್ಲಿ ಉಳಿದ ತಿಂಗಳುಗಳು ಕರಗಿಹೋಗುತ್ತವೆ.

ಎರಡನೆಯದು ಹೆಡ್‌ಲೈಟ್. ಇದನ್ನು ಯಾರೂ ನೋಡುವುದಿಲ್ಲ. ಭಾರತದಲ್ಲಿ ಎಡಗಡೆಯ ಸಂಚಾರ; ಯುಎಇ, ಒಮಾನ್, ಕುವೈತ್, ಕತಾರ್, ಸೌದಿ, ಬಹರೇನ್ ಎಲ್ಲ ಕಡೆ ಬಲಗಡೆ. ಎಡ ಸಂಚಾರಕ್ಕೆ ಹೊಂದುವ ಬೆಳಕು ಇರಲೇಬೇಕು ಎಂಬುದು ಆಮದು ಷರತ್ತು. ರಾತ್ರಿ ಹೊತ್ತು ಗೋಡೆಯಿಂದ ಏಳೆಂಟು ಮೀಟರ್ ದೂರದಲ್ಲಿ ಬೈಕನ್ನು ನೆಟ್ಟಗೆ ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆ ಕಾಣುತ್ತದೆ. ಆ ಗೆರೆ ಬಲಗಡೆ ಮೇಲಕ್ಕೆ ಏರಿದ್ದರೆ ಅದು ಬಲ ಸಂಚಾರದ ಲೈಟ್. ಅದನ್ನೇ ಹೊನ್ನಾವರದ ಹೆದ್ದಾರಿಯಲ್ಲಿ ಓಡಿಸಿದರೆ ಎದುರಿನಿಂದ ಬರುವವನ ಕಣ್ಣಿಗೆ ನೇರ ಹೊಡೆಯುತ್ತದೆ. ಎಡಗಡೆ ಏರಿದ್ದರೆ ನಮ್ಮದಕ್ಕೆ ಸರಿ. ಕೆಲವು ಎಲ್‌ಇಡಿ ಲೈಟುಗಳಲ್ಲಿ ಗೆರೆ ಎರಡೂ ಕಡೆ ಮಟ್ಟಸವಾಗಿರುತ್ತದೆ. ಆಗ ಆ ಲೈಟಿನ ಪಾರ್ಟ್ ನಂಬರ್ ಕೊಟ್ಟು ಡೀಲರ್‌ನನ್ನು ಕೇಳಿ. ಬಲದ ಲೈಟಾದರೆ ಎಡ ಸಂಚಾರದ ಪೂರ್ತಿ ಜೋಡಣೆಯನ್ನೇ ತರಿಸಿ ಹಾಕಿಸಿ, ಅದರ ಬಿಲ್ ಇಟ್ಟುಕೊಳ್ಳಿ. ಗಾಜಿನ ಮೇಲೆ ಅಂಟಿಸುವ ಕಪ್ಪು ಸ್ಟಿಕ್ಕರ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವು ಗಡಿ ದಾಟಿ ಪ್ರವಾಸ ಹೋಗುವವರಿಗೆಂದು ಮಾಡಿದವು, ಬಿಸಿಗೆ ಸುಲಿದು ಬರುತ್ತವೆ. ಕೊಳ್ಳಬೇಡಿ.

ಮೂರನೆಯದು ಸ್ಪೀಡೋಮೀಟರ್. ಕಿಲೋಮೀಟರಿನಲ್ಲೇ ತೋರಿಸಬೇಕು. ಅಮೆರಿಕದಿಂದ ದುಬೈಗೆ ಬಂದು ಹರಾಜಿನಲ್ಲಿ ಮಾರಾಟವಾಗುವ ಬೈಕುಗಳಲ್ಲಿ ಮೈಲು ಇರುತ್ತದೆ. ಅಂಥವುಗಳಲ್ಲಿ ಅಪಘಾತವಾದವೂ ಸೇರಿರುತ್ತವೆ, ಹೇಗೂ ಬೇಡ.

ನಾಲ್ಕನೆಯದು ನಮ್ಮ ಮೋಟಾರು ವಾಹನ ನಿಯಮಗಳಿಗೆ ಹೊಂದುತ್ತದೆಯೇ ಎಂಬುದು. 2020ರ ಏಪ್ರಿಲ್ 1ರಿಂದ ಇಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮ ಜಾರಿಯಲ್ಲಿದೆ. ಬೈಕ್ ನಿಯಮಕ್ಕೆ ಹೊಂದುತ್ತದೆ, ತಯಾರಾದಾಗ ಆ ಮಾಡೆಲ್‌ಗೆ ಸಿಕ್ಕ ಮೂಲ ಅನುಮೋದನೆಗೂ (ಹೋಮೊಲೊಗೇಶನ್) ಸರಿಯಾಗಿದೆ ಎಂದು ಕೇಂದ್ರ ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಮೊದಲನೆಯ ಪರೀಕ್ಷೆ ಆಗಬೇಕಾದ್ದು ಹಡಗು ಹತ್ತಿಸುವುದಕ್ಕಿಂತ ಸ್ವಲ್ಪ ಮೊದಲು, ಆ ದೇಶದಲ್ಲೇ. ಮುಂಬೈಗೆ ಬಂದಮೇಲೆ ಮಾಡಿಸುತ್ತೇನೆ ಎಂದರೆ ಆಗದು. ಜೊತೆಗೆ ಇನ್ನೂ ಐದು ವರ್ಷ ರಸ್ತೆಯ ಮೇಲೆ ಓಡಲು ಯೋಗ್ಯ, ಅಷ್ಟು ಕಾಲ ಭಾರತದಲ್ಲಿ ಸರ್ವಿಸ್ ಸಿಗುತ್ತದೆ ಎಂಬ ಘೋಷಣೆಯನ್ನೂ ಕೊಡಬೇಕು. ಅದಕ್ಕೇ ನನ್ನ ಸಲಹೆ ಖಡಾಖಂಡಿತ: ಭಾರತದಲ್ಲಿ ಡೀಲರ್ ಜಾಲ ಇರುವ ಕಂಪನಿಯದ್ದೇ ಆಗಿರಲಿ. ಹೋಂಡಾ, ಕವಾಸಾಕಿ, ಟ್ರಯಂಫ್, ಬಿಎಂಡಬ್ಲ್ಯು ಇಂಥವು. ಹೆಸರು ಕೇಳದ ಕಂಪನಿಯ ಬೈಕ್ ಎಷ್ಟೇ ಚಂದ ಕಂಡರೂ ಒಂದು ಬ್ರೇಕ್ ಪ್ಯಾಡ್‌ಗಾಗಿ ಶಿರಸಿಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮುಂಗಡ ಕೊಡಬೇಡಿ.

ಹಂತ 3: ಸುಂಕದ ಲೆಕ್ಕ

ವಿದೇಶದಿಂದ ವಾಸ ಬದಲಿಸಿ ಮರಳುವವರ ಸಾಮಾನಿಗೆ ಸಿಗುವ ರಿಯಾಯಿತಿಗೆ ಟಿಆರ್ (ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್) ಎನ್ನುತ್ತಾರೆ. ‘ಟಿಆರ್‌ನಲ್ಲಿ ಸುಂಕ ಇಲ್ಲ’ ಎಂಬ ಮಾತು ಲೇಬರ್ ಕ್ಯಾಂಪುಗಳಲ್ಲಿ ಓಡಾಡುತ್ತಿರುತ್ತದೆ. ಸುಳ್ಳು. ಟಿವಿ, ಫ್ರಿಜ್ಜಿನ ಕಥೆ ಬೇರೆ. ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ಎಂಬುದರ ವ್ಯಾಖ್ಯೆಯಲ್ಲೇ ಮೋಟಾರು ವಾಹನವನ್ನು ಹೊರಗಿಡಲಾಗಿದೆ.

ಅಂದಾಜು ಸಿಗಲೆಂದು ಹೊಸ ಬೈಕಿನ ದರವನ್ನೇ ತೆಗೆದುಕೊಳ್ಳಿ. 2025ರ ಬಜೆಟ್‌ನಲ್ಲಿ 1600 ಸಿಸಿವರೆಗಿನ, ಪೂರ್ತಿ ಜೋಡಿಸಿದ ಹೊಸ ಬೈಕಿಗೆ ಮೂಲ ಸುಂಕ ಶೇ 40ಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ ಶೇ 40. ಜಿಎಸ್‌ಟಿ ಬೀಳುವುದು ಬೆಲೆ ಮತ್ತು ಸುಂಕ ಎರಡೂ ಸೇರಿದ ಮೊತ್ತದ ಮೇಲೆ. 10 ಲಕ್ಷದ ಬೈಕ್ ಸುಂಕದೊಂದಿಗೆ 14 ಲಕ್ಷ, ಅದರ ಮೇಲೆ 5.6 ಲಕ್ಷ, ಒಟ್ಟು 19.6 ಲಕ್ಷ. ಹಳೆಯ ಬೈಕಿಗೆ ಸುಂಕದ ದರ ಇದಕ್ಕಿಂತ ಹೆಚ್ಚು. ಮುಂಬೈನ ಕಸ್ಟಮ್ಸ್ ಬ್ರೋಕರ್‌ನಿಂದ ಆ ವಾರದ ದರವನ್ನು ಲಿಖಿತವಾಗಿ ತರಿಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.

ನೀವು ಕೊಟ್ಟ ಬೆಲೆಯನ್ನೇ ಕಸ್ಟಮ್ಸ್‌ನವರು ಒಪ್ಪುತ್ತಾರೆಂದೂ ಇಲ್ಲ. ಬೈಕ್ ಹೊಸದಿದ್ದಾಗಿನ ಬೆಲೆ ಹಿಡಿದು, ಮೂರು ತಿಂಗಳಿಗಿಷ್ಟು ಎಂದು ಸವಕಳಿ ಕಳೆದು, ಹಡಗು ಬಾಡಿಗೆ ಮತ್ತು ವಿಮೆ ಸೇರಿಸಿ ಲೆಕ್ಕ ಹಾಕುತ್ತಾರೆ. ಗೆಳೆಯನ ಹತ್ತಿರ ಕಡಿಮೆ ಮೊತ್ತದ ಬಿಲ್ ಬರೆಸಿಕೊಂಡು ಬಂದರೆ ಉಪಯೋಗವಿಲ್ಲ, ದಂಡ ಬೇರೆ.

ಅಡ್ಡದಾರಿಗಳ ಮಾತು ಇಲ್ಲೇ ಮುಗಿಸುತ್ತೇನೆ. ಬೈಕನ್ನು ಬಿಚ್ಚಿ ಎಂಜಿನ್ ಒಂದು ಪೆಟ್ಟಿಗೆ, ಫ್ರೇಮ್ ಒಂದು ಪೆಟ್ಟಿಗೆ ಮಾಡಿ ‘ಸ್ಪೇರ್ ಪಾರ್ಟ್ಸ್’ ಎಂದು ತರುವವರಿದ್ದಾರೆ. ಬಿಚ್ಚಿ ತಂದ ಪೂರ್ಣ ವಸ್ತುವನ್ನು ಪೂರ್ಣ ವಸ್ತುವೆಂದೇ ಪರಿಗಣಿಸಬೇಕು ಎಂದು ಸುಂಕ ಪಟ್ಟಿಯ ನಿಯಮವೇ ಹೇಳುತ್ತದೆ. ಹೇಗೋ ಪಾರಾದರೂ ಆರ್‌ಟಿಒದಲ್ಲಿ ನಂಬರ್ ಸಿಗದು. ಇನ್ನು ಕಾರ್ನೆಟ್. ಅದು ತಾತ್ಕಾಲಿಕವಾಗಿ ತಂದು ಮರಳಿ ಒಯ್ಯುವವರ ಕಾಗದ. ಅದರ ಮೇಲೆ ಬಂದ ಬೈಕನ್ನು ಇಲ್ಲೇ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ.

ಹಂತ 4: ಒಂದೇ ನಂಬರ್, ಎಲ್ಲ ಕಾಗದದಲ್ಲೂ

ಅಲ್ಲಿನ ದಂಡಗಳನ್ನೆಲ್ಲ ಕಟ್ಟಿ, ಸಾಲ ಇದ್ದರೆ ಬ್ಯಾಂಕಿನ ತೀರುವಳಿ ಪತ್ರ ತಂದು, ಪ್ಲೇಟ್ ಒಪ್ಪಿಸಿ ರಫ್ತು ಪ್ರಮಾಣಪತ್ರ ಮಾಡಿಸಿ. ಅದು ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಚಾಸಿ ನಂಬರ್ ಓದಿ. ಬಿಲ್, ರಫ್ತು ಪತ್ರ, ವಿಮೆ, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ), ಆಮೇಲೆ ಮುಂಬೈಯಲ್ಲಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ): ಎಲ್ಲದರಲ್ಲೂ 17 ಅಕ್ಷರ ಒಂದೇ ಇರಬೇಕು. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ, ಅಂಕಿಗಳ ಜೊತೆ ಗೊಂದಲವಾಗದಿರಲೆಂದು. ಆದರೂ ಟೈಪ್ ಮಾಡುವವರು ಸೊನ್ನೆಯ ಜಾಗದಲ್ಲಿ ಓ, ಒಂದರ ಜಾಗದಲ್ಲಿ ಐ ಹೊಡೆದುಬಿಡುತ್ತಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯದು, ಕಂಪ್ಯೂಟರಿಗೆ ತಿಳಿಯುತ್ತದೆ. ಕಾರವಾರದ ಆರ್‌ಟಿಒ ಕೌಂಟರಿನಲ್ಲಿ ಇದು ಸಿಕ್ಕಿಬಿದ್ದರೆ ತಿದ್ದುಪಡಿಗೆ ಮತ್ತೆ ಮುಂಬೈ ಕಸ್ಟಮ್ಸ್‌ಗೆ ಅರ್ಜಿ ಹಾಕಬೇಕು. ಫ್ರೇಮಿನ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಪ್ರತಿ ಕಾಗದವನ್ನೂ ಆ ಅಚ್ಚಿನ ಪಕ್ಕದಲ್ಲಿಟ್ಟು, ಒಬ್ಬರು ಓದಿ ಇನ್ನೊಬ್ಬರು ನೋಡಿ.

ಹಂತ 5: ಪೆಟ್ಟಿಗೆ

ಪೆಟ್ರೋಲ್ ಪೂರ್ತಿ ಇಳಿಸಿ, ಬ್ಯಾಟರಿ ತಂತಿ ಕಳಚಿ, ಕನ್ನಡಿ ಬಿಚ್ಚಿ. ಹೊಸ ಬೈಕ್ ಬರುವ ಕಬ್ಬಿಣದ ಕ್ರೇಟ್ ಶೋರೂಮಿನ ಹಿಂಬದಿಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯ ಪೆಟ್ಟಿಗೆಯಿಲ್ಲ. ಮರದ್ದಾದರೆ ಶಾಖ ಸಂಸ್ಕರಿಸಿದ ಮರವೇ ಆಗಿ, ಗೋಧಿ ತೆನೆಯ ಚಿಹ್ನೆ, ಎಚ್‌ಟಿ ಅಕ್ಷರಗಳ ಮುದ್ರೆ ಇರಬೇಕು. ಪಟ್ಟಿ ಬಿಗಿಯುವಾಗ ಹ್ಯಾಂಡಲಿಗೆ ಹಾಕದೆ ಫೋರ್ಕ್ ಹಿಡಿದಿರುವ ಕೆಳಗಿನ ಕ್ಲ್ಯಾಂಪಿಗೆ ಹಾಕಿ, ಫೋರ್ಕ್ ಅರ್ಧ ಕುಸಿಯುವಷ್ಟೇ ಎಳೆಯಿರಿ. ಪ್ಲಾಸ್ಟಿಕ್ ಸುತ್ತಿ ಗಾಳಿಯಾಡದಂತೆ ಮುಚ್ಚುವ ಪ್ಯಾಕಿಂಗ್‌ಗೆ ಹೆಚ್ಚು ಹಣ ಕೇಳುತ್ತಾರೆ. ಕೊಡಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಲೋಹದ ಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಸವರಿ (ಬ್ರೇಕ್ ಡಿಸ್ಕ್ ಬಿಟ್ಟು), ಹಳೆಯ ಕಂಬಳಿ ಹೊದಿಸಿದರೆ ಸಾಕು.

ಹಂತ 6: ಮುಂಬೈ, ಮುಂಬೈ ಮಾತ್ರ

ಹಳೆಯ ವಾಹನ ಇಳಿಯಬಹುದಾದ್ದು ಮುಂಬೈ ಕಸ್ಟಮ್ಸ್ ಬಂದರಿನಲ್ಲಿ ಮಾತ್ರ. ಮಂಗಳೂರು ಹತ್ತಿರ, ಮುರ್ಮಗೋವಾ ಇನ್ನೂ ಹತ್ತಿರ, ನಮ್ಮ ಕಾರವಾರದಲ್ಲೇ ಬಂದರಿದೆ ಎಂದು ಬೇರೆಡೆಗೆ ಬುಕ್ ಮಾಡಿದರೆ ಕೆಟ್ಟಿತು. ಬಿಲ್ ಆಫ್ ಲೇಡಿಂಗ್‌ನಲ್ಲಿ ಇಳಿಸುವ ಬಂದರಿನ ಹೆಸರನ್ನು ನೀವೇ ಓದಿ.

ಹಡಗು ಹೊರಡುವ ಮೊದಲೇ ಬ್ರೋಕರ್‌ನನ್ನು ಗೊತ್ತುಮಾಡಿ. ಬಿಲ್ ಆಫ್ ಎಂಟ್ರಿ ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಕೆಯಾಗಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000 ದಂಡ. ಇಳಿದು 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು ಮಾರಲು ಕಾನೂನಿನಲ್ಲಿ ಅವಕಾಶವಿದೆ. ಸುಂಕದ ಹಣ ಮೊದಲೇ ಬ್ಯಾಂಕಿನಲ್ಲಿರಲಿ. ಸ್ವಂತ ಬಳಕೆಗೆ ತರುವವರಿಗೆ ಆಮದು-ರಫ್ತು ಕೋಡ್ ಬೇಕಿಲ್ಲ. ಅದನ್ನು ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳಿದರೆ ಬ್ರೋಕರ್‌ನನ್ನೇ ಬದಲಿಸಿ.

ಹಂತ 7: ಊರಿಗೆ

ನಂಬರಿಲ್ಲದ ಬೈಕನ್ನು ಪನವೇಲ್‌ನಿಂದ ಹೆದ್ದಾರಿ 66ರಲ್ಲಿ ಓಡಿಸಿಕೊಂಡು ಬರುವ ಹುಮ್ಮಸ್ಸು ಬೇಡ, ಲಾರಿಗೆ ಹಾಕಿ. ಮಳೆಗಾಲವಾದರೆ ತಾಡಪಾಲು ಕಟ್ಟಿದ್ದನ್ನು ನೋಡಿಯೇ ಲಾರಿ ಬಿಡಿ.

ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೋ ಅಲ್ಲೇ ನೋಂದಣಿ: ಕಾರವಾರ ಕೆಎ-30, ಶಿರಸಿ ಕೆಎ-31, ಹೊನ್ನಾವರ ಕೆಎ-47, ದಾಂಡೇಲಿ ಕೆಎ-65. ಮೊದಲು ವಿಮೆ, ಆಮೇಲೆ ಫಾರ್ಮ್ 20, ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ರಸೀದಿ, ಪರೀಕ್ಷಾ ಪ್ರಮಾಣಪತ್ರಗಳು, ರಫ್ತು ಪತ್ರ. ಅರಬಿಯಲ್ಲಿರುವ ಕಾಗದಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದವನ್ನು ಅಲ್ಲಿಂದಲೇ ಮಾಡಿಸಿ ತನ್ನಿ, ಇಲ್ಲಿ ಮಾಡಿಸಲು ಅಲೆಯಬೇಕಾಗುತ್ತದೆ. ಜೀವಾವಧಿ ತೆರಿಗೆಗೂ ದೊಡ್ಡ ಮೊತ್ತ ಎತ್ತಿಡಿ. ಇನ್‌ಸ್ಪೆಕ್ಟರ್ ಬೈಕ್ ನೋಡಲು ಬರುವ ದಿನ ಹ್ಯಾಂಡಲಿನ ಬುಡದ ಎಣ್ಣೆ, ಧೂಳು ಒರೆಸಿ ಚಾಸಿ ನಂಬರ್ ಸ್ಪಷ್ಟವಾಗಿ ಕಾಣುವಂತೆ ಮಾಡಿ. ಮರಳುಕಾಗದ ಮಾತ್ರ ತಾಗಿಸಬೇಡಿ. ಉಜ್ಜಿದ ಗುರುತು ಕಂಡರೆ ನಂಬರ್ ತಿದ್ದಿದ್ದಾರೆಂಬ ಅನುಮಾನ ಬರುತ್ತದೆ, ಕಡತ ಅಲ್ಲೇ ನಿಲ್ಲುತ್ತದೆ. ಚಿಂದಿ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಸಾಕು.